ದಾವಣಗೆರೆಯ ಹೋಟೆಲ್‌ನಲ್ಲಿ ‘ಎಷ್ಟು ಬೇಕಾದರೂ ಕೂಲ್‌ಡ್ರಿಂಕ್ಸ್ ಕುಡಿಯಿರಿ’ ಅಂತ ಆಫರ್ ಇದೆ. ಅವರಿಗೆ ಲಾಸ್ ಆಗಲ್ವಾ? ಇದರಲ್ಲಿ ಮೋಸ ಇದೆಯಾ?

ಲಾಸ್ ಆಗುವುದಿಲ್ಲ. ಮಷಿನ್‌ನಿಂದ ಹಿಡಿಯುವ ಕೂಲ್‌ಡ್ರಿಂಕ್ಸ್ ಅಂದರೆ ಸಿರಪ್, ನೀರು, ಗ್ಯಾಸ್ ಅಷ್ಟೇ. ಗ್ಲಾಸಿಗೆ ತಗಲುವ ಖರ್ಚು ತೀರಾ ಕಡಿಮೆ, ಅದರಲ್ಲೂ ಅರ್ಧ ಐಸು. ನೀವು ದುಡ್ಡು ಕೊಡುವುದು ಐದಾರು ಗ್ಲಾಸಿನ ಆಸೆಗೆ. ಎರಡು ಮುಗಿಯುವಷ್ಟರಲ್ಲಿ ಹೊಟ್ಟೆ ಉಬ್ಬಿರುತ್ತದೆ. ಜೊತೆಗೆ ಮಂಡಕ್ಕಿ, ಮಿರ್ಚಿ ತರಿಸದೆ ಇರ್ತೀರಾ? ನಿಜವಾದ ಲಾಭ ಅಲ್ಲಿ.

ಇಷ್ಟನ್ನು ಮೋಸ ಅನ್ನಲಾಗದು. ತಕರಾರು ಬರುವುದು ಬೋರ್ಡಿನ ಮೂಲೆಯ ಸಣ್ಣ ಅಕ್ಷರಗಳಿಂದ: ಒಂದೇ ಗಂಟೆ, ಊಟ ತಗೊಂಡರೆ ಮಾತ್ರ, ಹೀಗೆ. ಕೂರುವ ಮೊದಲೇ ಕೇಳಿ, ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲಿಗೆ ಸರ್ವಿಸ್ ಚಾರ್ಜ್ ಸುಮ್ನೆ ಸೇರಿಸಿದ್ದರೆ ತೆಗೆಸಿ; 2022ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಅದು ಕಡ್ಡಾಯವಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.