ಕೊಳೆರೋಗದ ಪಿಎಚ್‌ಡಿಯನ್ನು ಅಪ್ಪನಿಗೆ ಹೇಳುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಅಡಿಕೆ ಕೊಳೆರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಮನೆಯಲ್ಲಿ ಎರಡು ಎಕರೆ ತೋಟ ಇದೆ. 'ಏನು ಓದ್ತಿದೀಯೇ?' ಅಂತ ಅಪ್ಪ ಕೇಳಿದರೆ 'ಅಡಿಕೆ ಮೇಲೆ' ಅಂದು ಸುಮ್ಮನಾಗುತ್ತೇನೆ. ಈಗ ಮೇ ತಿಂಗಳಲ್ಲಿ ನಮ್ಮೂರ ಬೆಳೆಗಾರರ ಸಭೆಯಲ್ಲಿ ಮಾತಾಡು ಅಂದಿದ್ದಾರೆ. ನನ್ನ ಹತ್ತಿರ ಇರುವುದೆಲ್ಲ ಇಂಗ್ಲಿಷ್ ಸ್ಲೈಡುಗಳು. ಸರಳ ಮಾಡಲು ಹೋಗಿ ತಪ್ಪು ಹೇಳಿಬಿಟ್ಟರೆ ಅಂತ ಭಯ. ಏನು ಮಾಡಲಿ?

ಉತ್ತರ: ಸ್ಲೈಡುಗಳನ್ನು ಮನೆಯಲ್ಲೇ ಬಿಡಿ. ರೋಗ ತಗುಲಿದ ನಾಲ್ಕು ಕಾಯಿಯ ಫೋಟೋ, ಒಂದು ಅಡಿಕೆ ಕಾಯಿ, ಒಂದು ಲೋಟ ನೀರು, ಇಷ್ಟು ಸಾಕು.

ನಿಮಗೆ ಒಂದು ವಿಷಯ ಗೊತ್ತಿರಲಿ. ಕೊಳೆರೋಗ ಅನ್ನುವ ಮಾತನ್ನು ನೀವು ಇಂಗ್ಲಿಷಿನಿಂದ ತರಬೇಕಾಗಿಲ್ಲ, ಅದು ಇಲ್ಲಿಂದಲೇ ಅಲ್ಲಿಗೆ ಹೋಗಿದೆ. ಕಾಫಿಗೆ ಬರುವ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಇಟ್ಟ ವೈಜ್ಞಾನಿಕ ಹೆಸರೇ 'ಪೆಲಿಕ್ಯುಲೇರಿಯಾ ಕೊಳೆರೋಗ'. ಅದು ಬೇರೆ ರೋಗ, ಆದರೆ ಮಾತು ನಮ್ಮದೇ. ಮೈಸೂರು ಸರ್ಕಾರಕ್ಕೆ ಕೆಲಸ ಮಾಡಿದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ರೋಗದ ಬಗ್ಗೆ ಬರೆದ ವರದಿಯ ಹೆಸರಿನಲ್ಲೂ 'ಕೊಳೆರೋಗ' ಅಂತಲೇ ಇದೆ. ಹಾಗಾಗಿ ಸಭೆಯಲ್ಲಿ ಕೂತವರಿಗೆ ನಿಮ್ಮ ವಿಷಯ ಹೊಸದಲ್ಲ. ಅವರಿಗೆ ಗೊತ್ತಿರುವ ಕಡೆಯಿಂದ ಶುರು ಮಾಡಿ.

ಮೊದಲು ಕೇಳಿ: 'ಹೋದ ವರ್ಷ ನಿಮ್ಮ ತೋಟದಲ್ಲಿ ಮೊದಲು ಯಾವ ಕಡೆ ಬಂತು?' ಯಾರಾದರೂ ಹೇಳೇ ಹೇಳುತ್ತಾರೆ, 'ಕೆಳಗಡೆ, ಬಿಸಿಲು ಬೀಳದ ಜಾಗದಲ್ಲಿ' ಅಂತ. ಇನ್ನೊಬ್ಬರು, 'ಒಂದೇ ಸಮ ಹೊಯ್ದ ಮಳೆಗಿಂತ ಬಿಸಿಲು-ಮಳೆ ಆಟ ಆಡಿದಾಗ ಜಾಸ್ತಿ' ಅನ್ನಬಹುದು. ಆಗ ಲೋಟದ ನೀರಲ್ಲಿ ಬೆರಳು ಅದ್ದಿ, ಒಂದು ಅಡಿಕೆಯ ಮೇಲೆ ಸವರಿ ತೋರಿಸಿ. ಈ ತೆಳು ನೀರಿನ ಪದರ ಇದೆಯಲ್ಲ, ಕೊಳೆರೋಗ ತರುವ ಫೈಟೋಫ್ಥೊರಾ ಅನ್ನುವ ಸೂಕ್ಷ್ಮಜೀವಿಗೆ ಇದೇ ಕೆರೆ. ಅದರ ಬೀಜಕಣಕ್ಕೆ ಎರಡು ಬಾಲ ಇರುತ್ತದೆ, ಈಜಿಕೊಂಡು ಹೋಗಿ ಕಾಯಿಗೆ ಅಂಟುತ್ತದೆ. ನಿಮ್ಮ ಪ್ರಬಂಧದಲ್ಲಿ 'ಜೂಸ್ಪೋರ್' ಅಂತ ಇರುವುದಕ್ಕೆ ಇಲ್ಲಿ 'ಈಜುವ ಬೀಜ' ಅನ್ನಿ. ಕಾಯಿ ಬೇಗ ಒಣಗದ ಜಾಗದಲ್ಲಿ ರೋಗ ಮೊದಲು ಯಾಕೆ ಬರುತ್ತದೆ ಅಂತ ಆಮೇಲೆ ನೀವು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ಹಿರಿಯರು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದದ್ದು ಯಾಕೆ ಅನ್ನುವುದೂ ಅಲ್ಲೇ ಬರುತ್ತದೆ: ಕಾಯಿ ಒದ್ದೆಯಾಗದಿದ್ದರೆ ಈಜಲು ನೀರೇ ಇಲ್ಲ.

ಸರಳ ಮಾಡಿದರೆ ತಪ್ಪಾಗುತ್ತದೆಯೇ? ನಾನು ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಆ ತಪ್ಪಿನಿಂದ ತೋಟದಲ್ಲಿ ಕೆಲಸ ಕೆಡುತ್ತದೆಯೇ ಅಂತ ನೋಡುತ್ತೇನೆ. ಫೈಟೋಫ್ಥೊರಾ ನಿಜವಾದ ಶಿಲೀಂಧ್ರ ಅಲ್ಲ, ಕಂದು ಪಾಚಿಗೆ ಹತ್ತಿರದ್ದು. ಆದರೂ ಯಾರಾದರೂ 'ಬೂಷ್ಟು' ಅಂದರೆ ಅಲ್ಲೇ ತಿದ್ದಬೇಡಿ, ಮಾತು ನಿಂತುಹೋಗುತ್ತದೆ. 'ಔಷಧಿ ಹೊಡೆದರೆ ಬಂದ ರೋಗ ವಾಸಿಯಾಗುತ್ತೆ' ಅಂದರೆ ಮಾತ್ರ ಬಿಡಬೇಡಿ. ಮೈಲುತುತ್ತ, ಸುಣ್ಣ ಕದಡಿ ಮಾಡುವ ಬೋರ್ಡೋ ದ್ರಾವಣ ಒಂದು ಕವಚ. ಹೊರಗೆ ಬಂದು ಕೂತ ಬೀಜವನ್ನು ಅದರ ತಾಮ್ರ ಕೊಲ್ಲುತ್ತದೆ, ಕಾಯಿಯೊಳಗೆ ಹೊಕ್ಕಿದ್ದನ್ನು ಮುಟ್ಟುವುದಿಲ್ಲ. ಅದಕ್ಕೇ ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. 'ಹೊಡೆದ್ರೂ ಯಾಕೆ ಬಂತು?' ಅಂತ ಪ್ರತಿ ವರ್ಷ ಕೇಳುವವರಿಗೆ ಇದು ಅರ್ಧ ಉತ್ತರ.

ಪ್ರಯೋಗಾಲಯದ ತಟ್ಟೆಯಲ್ಲಿ ಒಂದು ಸೂಕ್ಷ್ಮಜೀವಿ ಈ ರೋಗವನ್ನು ತಡೆಯಿತು ಅಂತ ನೀವು ಹೇಳಿದ ತಕ್ಷಣ ಹಿಂದಿನ ಸಾಲಿನಿಂದ 'ಯಾವ ಅಂಗಡೀಲಿ ಸಿಗುತ್ತೆ ಮೇಡಂ?' ಅಂತ ಬರುತ್ತದೆ. ಅಲ್ಲಿ ಗಟ್ಟಿಯಾಗಿರಿ. 'ತಟ್ಟೆಯಲ್ಲಿ ನೋಡಿದ್ದೇನೆ, ಮರದ ಮೇಲೆ ಇನ್ನೂ ನೋಡಿಲ್ಲ' ಅನ್ನಿ. ಜನ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ಮಳೆಗಾಲದಲ್ಲಿ ಎಲ್ಲ ತಿಳಿಯುವುದಿಲ್ಲ ಅಂತ ಅಡಿಕೆ ಬೆಳೆದವರಿಗೆ ಚೆನ್ನಾಗಿ ಗೊತ್ತು.

ಹಲವು ವರ್ಷಗಳ ಹಿಂದೆ ಸಾಗರದ ಹತ್ತಿರ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ ಕೂತಿದ್ದೆ. ಏಳೆಂಟು ಹೆಂಗಸರು ಮೆಟ್ಟುಗತ್ತಿಯ ಮುಂದೆ. ಕೈ ನಿಲ್ಲದೆ ಓಡುತ್ತಿತ್ತು, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ನಾನು ರೋಗದ ವಿಷಯ ಹೇಳುತ್ತಾ ಹೋದೆ. ಯಾರೂ ತಲೆ ಎತ್ತಲಿಲ್ಲ, ಕೇಳುತ್ತಿಲ್ಲ ಅಂದುಕೊಂಡೆ. ಸುಮಾರು ಹೊತ್ತಾದ ಮೇಲೆ ಒಬ್ಬರು ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದರು: 'ಮಳೇಲಿ ಉದುರಿದ್ದೆಲ್ಲ ಮರದ ಬುಡದಲ್ಲೇ ಬಿಟ್ಟಿದೀವಿ. ಅದು ಒಣಗಿದ ಮೇಲೂ ಜೀವ ಹಿಡ್ಕೊಂಡಿರುತ್ತಾ ಅಣ್ಣಾ?' ಮುಂದಿನ ವರ್ಷಕ್ಕೆ ರೋಗ ಎಲ್ಲಿ ಉಳಿಯುತ್ತದೆ ಅನ್ನುವ ಪ್ರಶ್ನೆಯೇ ಅದು, ನಾವೆಲ್ಲ ಪುಟಗಟ್ಟಲೆ ಬರೆಯುವುದು ಅದನ್ನೇ. ಹೌದು, ಉಳಿಯುತ್ತದೆ, ಆರಿಸಿ ತೋಟದಿಂದ ಆಚೆ ಹಾಕಿ ಅಂದೆ. ಅಲ್ಲಿಂದ ಮಾತು ಎರಡು ಗಂಟೆ ನಡೆಯಿತು. ಅವತ್ತಿನಿಂದ ನಾನು ಮೊದಲು ಹೇಳುವುದನ್ನು ಕಮ್ಮಿ ಮಾಡಿ, ಕೇಳುವುದಕ್ಕೆ ಜಾಗ ಬಿಡುತ್ತೇನೆ.

ಮೂರು ನಿಮಿಷದಲ್ಲಿ ಪ್ರಬಂಧ ಹೇಳುವ ಸ್ಪರ್ಧೆಯೊಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಶುರುವಾಯಿತು, ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ಚುಟುಕಾಗಿ ಹೇಳುವ ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ಅಲ್ಲಿ ಮಧ್ಯೆ ಬಾಯಿ ಹಾಕುವವರಿಲ್ಲ. ನಿಮಗೆ ಬೇಕಾದದ್ದು ಬಾಯಿ ಹಾಕುವವರು.

ಸಭೆಗೆ ಮೊದಲು ಅಪ್ಪನ ಹತ್ತಿರ ಮಾತಾಡಿ. ಕೂರಿಸಿ ಪಾಠ ಮಾಡಬೇಡಿ. ಮೊದಲ ಔಷಧಿಗೆ ಅವರು ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕದಡುವಾಗ ಪಕ್ಕದಲ್ಲಿ ಕೋಲು ಹಿಡಿದು ನಿಲ್ಲಿ. ಕೊನೆಗೆ ಅವರು ಕತ್ತಿ ಅದ್ದಿ ನೋಡುತ್ತಾರಲ್ಲ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕುತ್ತಾರಲ್ಲ, ಆಗ 'ಅದ್ಯಾಕಪ್ಪಾ?' ಅಂತ ಕೇಳಿ. ಅವರು ಹೇಳಿ ಮುಗಿಸಿದ ಮೇಲೆ ನಿಮ್ಮದು ಹೇಳಿ.