ಹುಲ್ಲು ಕತ್ತರಿಸುವ ಮಷಿನ್‌ನ ಗವರ್ನರ್ ತೆಗೆದರೆ ಪವರ್ ಜಾಸ್ತಿ ಆಗುತ್ತದಾ?

ಸಿಂಧನೂರಿನ ನಿಮ್ಮ ತೋಟದ ಪೆಟ್ರೋಲ್ ಮಷಿನ್ ದಪ್ಪ ಹುಲ್ಲಿಗೆ ಸಿಕ್ಕಾಗ ನಿಂತುಬಿಡುತ್ತದೆ, ಗವರ್ನರ್ (ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ಭಾಗ) ತೆಗೆಯಲಾ ಅಂತ ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಸಾಮಾನ್ಯವಾಗಿ ಈ ಎಂಜಿನ್‌ಗಳ ಮಿತಿ ಸುಮಾರು 3,600 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಅದನ್ನು ದಾಟಿಸಿದರೆ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನೇ ಒಡೆಯಬಹುದು. ಬ್ಲೇಡ್ ಚೂರಾಗಿ ಹಾರಿದರೆ ಕಾಲಿಗೇ ಅಪಾಯ.

ನಮ್ಮ ಕಡೆ ಮೊದಲು ನೋಡಬೇಕಾದದ್ದು ಧೂಳು. ಎರೆಮಣ್ಣಿನ ಧೂಳು ಏರ್ ಫಿಲ್ಟರ್‌ಗೆ ಮೆತ್ತಿಕೊಂಡರೆ ಎಂಜಿನ್‌ಗೆ ಉಸಿರೇ ಸಾಲದು. ಪೆಟ್ರೋಲ್‌ಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿಯಲ್ಲಿ ಒಣ ಕರಿ ಮಸಿ ಇದ್ದರೆ ಮೊದಲು ಫಿಲ್ಟರ್ ಬದಲಿಸಿ. ತಿಳಿ ಕಂದು ಇದ್ದರೆ ಪೆಟ್ರೋಲ್ ಸರಿಯಾಗೇ ಉರಿಯುತ್ತಿದೆ. ಆಗ ಬ್ಲೇಡ್ ಸಾಣೆ ಹಿಡಿಸಿ, ಎರಡೂ ಬದಿ ತೂಕ ಸಮ ಇರಲಿ. ಮೊಂಡು ಬ್ಲೇಡ್ ಸುಮ್ನೆ ಶಕ್ತಿ ತಿನ್ನುತ್ತದೆ. ಆಮೇಲೂ ಸಾಲದಿದ್ದರೆ ದೊಡ್ಡ ಎಂಜಿನ್‌ನ ಮಷಿನ್ ತಗೊಳ್ಳುವುದೇ ಸರಿ.