ತಾರಸಿ ಮೇಲಿನ ಮಳೆಮಾಪಕ ಯಾಕೆ ಕಡಿಮೆ ತೋರಿಸುತ್ತೆ
ತಾರಸಿಯ ಕಟ್ಟೆ ಮೇಲಿಟ್ಟ ನಿಮ್ಮ ಬಾಟಲಿ ಮಳೆಮಾಪಕ ಪಕ್ಕದ ಬೀದಿಯವರದಕ್ಕಿಂತ ಕಡಿಮೆ ತೋರಿಸೋದಕ್ಕೆ ಕಾರಣ ಬಹುಶಃ ಗಾಳಿ. ಗುಡುಗು ಮಳೆ ಓರೆಯಾಗಿ ಹೊಡೆಯುತ್ತದೆ, ಕಟ್ಟೆಗೆ ಬಡಿದ ಗಾಳಿ ಮೇಲೆದ್ದು ಹನಿಗಳನ್ನು ಆಲಿಕೆಯ ಬಾಯಿ ದಾಟಿಸಿ ಹಾರಿಸಿಕೊಂಡು ಹೋಗುತ್ತದೆ. ಮೊದಲು ಅದನ್ನು ಅಂಗಳಕ್ಕೆ ಇಳಿಸಿ. ಗೋಡೆ, ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಲಿ. ಆಮೇಲೆ ಲೆಕ್ಕ ನೋಡಿ: ಆಲಿಕೆಯ ಬಾಯಿ 10 ಸೆಂ.ಮೀ. ಅಗಲ ಇದ್ದರೆ, 100 ಮಿ.ಲೀ. ನೀರು ಅಂದರೆ 12.7 ಮಿ.ಮೀ. ಮಳೆ. ಬಾಟಲಿಯ ಅಗಲ ಆಲಿಕೆಯ ಬಾಯಿಯಷ್ಟೇ ಇರದಿದ್ದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಸುಮ್ನೆ ಬಾಟಲಿಗೆ ಸ್ಕೇಲ್ ಹಿಡಿದು ಅಳೆಯಬೇಡಿ (ನಾನು ಒಂದು ಮಳೆಗಾಲ ಪೂರ್ತಿ ಹಾಗೇ ಬರೆದಿಟ್ಟಿದ್ದೆ!). ದಿನಾ ಬೆಳಿಗ್ಗೆ 8:30ಕ್ಕೇ ಅಳೆಯಿರಿ, ಹವಾಮಾನ ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿಗೆ. ಇಷ್ಟಾದರೂ ವ್ಯತ್ಯಾಸ ಉಳಿದರೆ ಅದು ನಿಜವಾದ್ದೇ ಇರಬಹುದು, ಮೇ ತಿಂಗಳ ಮಳೆ ಒಂದು ಬೀದಿಗೆ ಸುರಿದು ಇನ್ನೊಂದಕ್ಕೆ ನಾಲ್ಕು ಹನಿ ಹಾಕಿ ಹೋಗುತ್ತದೆ ಅಲ್ವಾ.